ಗುಜರಿ ವಸ್ತು, ಗಟ್ಟಿ ಜೋಡಣೆ: ಮಿಶ್ರ ಮಾಧ್ಯಮದ ಕೃತಿ ಕಳಚದಂತೆ ಕಟ್ಟುವ ಬಗೆ

ಹಳೆಯ ಕಿಟಕಿಯ ಬಾಗಿಲು, ತುಕ್ಕು ಹಿಡಿದ ಚಿಲಕ, ಎತ್ತಿನ ಲಾಳ, ಒಡೆದ ಪಿಂಗಾಣಿಯ ಚೂರು, ಅಂಗಡಿಯ ಹಳದಿ ಬಿದ್ದ ರಸೀದಿ. ಇಂಥ ಸಿಕ್ಕ ವಸ್ತುಗಳನ್ನು ಬಣ್ಣ, ಕಾಗದ, ಬಟ್ಟೆಗಳ ಜೊತೆ ಕೂಡಿಸಿ ಕಟ್ಟುವುದು ಮಿಶ್ರ ಮಾಧ್ಯಮದ ಕಲೆಯ ಒಂದು ಮುಖ್ಯ ಕವಲು. ಹೊಸ ಸಾಮಗ್ರಿಗೆ ಇಲ್ಲದ ಸೊಗಸು ಬಳಸಿ ಬಿಟ್ಟ ವಸ್ತುವಿಗೆ ಇರುತ್ತದೆ. ಚಿಲಕದ ಹಿಡಿ ಎಲ್ಲಿ ಸವೆದಿದೆಯೋ ಅಲ್ಲಿ ಹಲವು ವರ್ಷಗಳ ಕೈಬಳಕೆ ಕಾಣುತ್ತದೆ. ಬಣ್ಣ ಎದ್ದ ಬಾಗಿಲಿನಲ್ಲಿ ಒಂದರ ಮೇಲೊಂದು ಬಳಿದ ಪದರಗಳು ತೆರೆದುಕೊಳ್ಳುತ್ತವೆ. ಕಲಾವಿದರು ಇವುಗಳಿಗೆ ಮನಸೋಲುವುದು ಈ ಗುರುತುಗಳಿಗಾಗಿಯೇ.

ಈ ಕೆಲಸಕ್ಕೆ ಕೈಹಾಕಿದವರಿಗೆ ಎದುರಾಗುವ ಮೊದಲ ತೊಡಕೂ ಎಲ್ಲ ಕಡೆ ಒಂದೇ. ಬೇಸಿಗೆಯಲ್ಲಿ ಗಟ್ಟಿಯಾಗಿ ಅಂಟಿಕೊಂಡಿದ್ದ ವಸ್ತು ಮಳೆಗಾಲ ಮುಗಿಯುವಷ್ಟರಲ್ಲಿ ಕಳಚಿ ಬೀಳುತ್ತದೆ, ಕಾಗದ ಉಬ್ಬುತ್ತದೆ, ಕಬ್ಬಿಣದ ಸುತ್ತ ಕೆಂಪು ಕಲೆ ಹರಡುತ್ತದೆ. ಅಂಟು ಸಾಲಲಿಲ್ಲವೆಂದು ಇನ್ನಷ್ಟು ಅಂಟು ಸುರಿದರೆ ಪ್ರಯೋಜನವಿಲ್ಲ. ಯಾವ ವಸ್ತು ಹೇಗೆ ವರ್ತಿಸುತ್ತದೆ, ಯಾವ ಜೋಡಣೆ ಅದಕ್ಕೆ ಒಗ್ಗುತ್ತದೆ, ಯಾವ ಹತಾರ ಆ ಜೋಡಣೆಯನ್ನು ಸಾಧ್ಯವಾಗಿಸುತ್ತದೆ ಎಂಬ ಮೂರನ್ನು ತಿಳಿದರೆ ಕೃತಿ ಉಳಿಯುತ್ತದೆ.

ಚಿಕ್ಕ ಹಿನ್ನೆಲೆ

1912ರಲ್ಲಿ ಪಿಕಾಸೊ ಬೆತ್ತದ ಕುರ್ಚಿಯ ಹೆಣಿಗೆಯನ್ನು ಅಚ್ಚು ಹಾಕಿದ್ದ ಮೇಣಬಟ್ಟೆಯ ತುಂಡನ್ನು ಚಿತ್ರಕ್ಕೆ ಅಂಟಿಸಿ, ಅದರ ಅಂಚಿಗೆ ಹಗ್ಗ ಸುತ್ತಿದರು. 1942ರಲ್ಲಿ ಸೈಕಲ್ಲಿನ ಸೀಟು ಮತ್ತು ಹ್ಯಾಂಡಲ್ ಎರಡನ್ನೇ ಜೋಡಿಸಿ ಗೂಳಿಯ ತಲೆ ಮಾಡಿದರು. ಜರ್ಮನಿಯ ಕುರ್ಟ್ ಶ್ವಿಟರ್ಸ್ 1919ರ ಹೊತ್ತಿಗೆ ಟ್ರಾಮ್ ಟಿಕೆಟ್ಟು, ಚೀಟಿ, ಮರದ ಚೂರುಗಳಿಂದ ಚಿತ್ರ ಕಟ್ಟುತ್ತಿದ್ದರು. ಅಮೆರಿಕದ ಜೋಸೆಫ್ ಕಾರ್ನೆಲ್ ಗಾಜಿನ ಮುಚ್ಚಳದ ಪೆಟ್ಟಿಗೆಗಳೊಳಗೆ ಸಣ್ಣ ವಸ್ತುಗಳನ್ನು ಓರಣವಾಗಿಟ್ಟು ಹೆಸರಾದರು. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಇಂಥ ಕೃತಿಗಳ ದೊಡ್ಡ ಪ್ರದರ್ಶನ ನಡೆಸಿದ ಮೇಲೆ ‘ಅಸೆಂಬ್ಲಾಜ್’ ಎಂಬ ಹೆಸರು ಜಗತ್ತಿನೆಲ್ಲೆಡೆ ರೂಢಿಗೆ ಬಂತು.

ಭಾರತದಲ್ಲಿ ಅವನೀಂದ್ರನಾಥ ಟಾಗೋರ್ ಇಳಿವಯಸ್ಸಿನಲ್ಲಿ ಬಿದ್ದ ಕೊಂಬೆ, ಬೇರು, ಮರದ ತುಂಡುಗಳಿಂದ ‘ಕುಟುಮ್ ಕಾಟುಮ್’ ಎಂಬ ಪುಟ್ಟ ಆಕೃತಿಗಳನ್ನು ಮಾಡುತ್ತಿದ್ದರು. ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ, ಕಟ್ಟಡದ ಅವಶೇಷಗಳಿಂದ ಕಟ್ಟಿದ ರಾಕ್ ಗಾರ್ಡನ್ 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಶೀಲಾ ಗೌಡ ಚಪ್ಪಟೆ ಮಾಡಿದ ಡಾಂಬರು ಡ್ರಮ್‌ಗಳಿಂದ 2006ರಲ್ಲಿ ‘ಡಾರ್ಕ್‌ರೂಮ್’ ಕಟ್ಟಿದರು. ವಾಹನಗಳಿಗೆ ದೃಷ್ಟಿ ತಾಕದಿರಲೆಂದು ಕಟ್ಟುವ ಕೂದಲಿನ ಹಗ್ಗ ಮತ್ತು ಕಾರಿನ ಬಂಪರುಗಳು 2009ರ ‘ಬಿಹೋಲ್ಡ್’ ಕೃತಿಯ ಸಾಮಗ್ರಿ. ಭಾರವಾದ ಬಂಪರುಗಳು ಅಲ್ಲಿ ಕೂದಲಿನ ಹಗ್ಗದ ಆಸರೆಯಲ್ಲಿ ತೂಗುತ್ತವೆ. ಕಟ್ಟಿದ ರೀತಿಯೇ ಕೃತಿಯ ಅರ್ಥವೂ ಆಗಬಲ್ಲದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಅಂಟಿಸಿದ್ದು ಬೀಳುವುದೇಕೆ?

ಮೊದಲ ಕಾರಣ, ವಸ್ತುಗಳು ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಮರ ಗಾಳಿಯ ತೇವ ಹೀರಿ ನಾರಿನ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಒಂದಡಿ ಅಗಲದ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಎರಡು ಮೂರು ಮಿಲಿಮೀಟರ್ ಬದಲಾಗಬಲ್ಲದು. ಅಷ್ಟೇ ಉದ್ದದ ಕಬ್ಬಿಣದ ಪಟ್ಟಿ 20 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೂ ಹಿಗ್ಗುವುದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಎರಡರ ನಡುವೆ ಗಡುಸಾದ ಅಂಟಿದ್ದರೆ ಆ ಎಳೆದಾಟದಲ್ಲಿ ಅದು ಬಿರುಕು ಬಿಡುತ್ತದೆ.

ಎರಡನೆಯದು, ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಅಂಟಿನ ಅಡಿಯಲ್ಲಿ ಬೆಳೆದ ತುಕ್ಕು ಅಂಟನ್ನು ಒಳಗಿನಿಂದಲೇ ಎಬ್ಬಿಸುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಮೂರನೆಯದು, ಮೇಲ್ಮೈ. ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ನೀರಿದೆ. ಆ ನೀರು ಮರಕ್ಕೋ ಕಾಗದಕ್ಕೋ ಇಂಗಿ ಹೋದಾಗಲೇ ಅಂಟು ಕಚ್ಚಿಕೊಳ್ಳುವುದು. ಲೋಹ, ಗಾಜು, ಪಿಂಗಾಣಿ ನೀರು ಹೀರುವುದಿಲ್ಲ. ಅವುಗಳ ಮೇಲೆ ಎಣ್ಣೆಯ ಜಿಡ್ಡು, ದೂಳು, ಸಡಿಲ ಬಣ್ಣದ ಹೊಪ್ಪಳಿಕೆಯೂ ಇದ್ದರೆ ಅಂಟು ಹಿಡಿಯುವುದು ಆ ಕೊಳೆಯನ್ನೇ ಹೊರತು ವಸ್ತುವನ್ನಲ್ಲ.

ಇದರಿಂದ ಹೊರಡುವ ನಿಯಮ ಸರಳ: ಭಾರವನ್ನು ತಂತಿ, ಸ್ಕ್ರೂ, ರಿವೆಟ್, ಹೊಲಿಗೆಗಳು ಹೊರಬೇಕು, ಅಂಟು ವಸ್ತು ಅಲುಗಾಡದಂತೆ ನೋಡಿಕೊಂಡರೆ ಸಾಕು.

ವಸ್ತುಗಳ ಆಯ್ಕೆ

ಗುಜರಿ ಅಂಗಡಿ, ಹಳೆ ಮನೆ ಕೆಡವಿದ ಜಾಗ, ಬಡಗಿ ಮತ್ತು ಕಮ್ಮಾರರ ಸಾಲೆ, ದರ್ಜಿ ಅಂಗಡಿ, ಗಡಿಯಾರ ರಿಪೇರಿಯವರ ಮೇಜು ಒಳ್ಳೆಯ ಮೂಲಗಳು. ಬೆಂಗಳೂರಿನ ಸಂಡೇ ಬಜಾರಿನಂಥ ಹಳೆ ಸಾಮಾನಿನ ಸಂತೆಗಳಲ್ಲಿ ಹಿತ್ತಾಳೆಯ ಪಾವು, ಬೀಗ, ಲಾಟೀನಿನ ಬಿಡಿಭಾಗ, ಹಳೆಯ ಅರ, ಉಳಿ ಎಲ್ಲವೂ ಸಿಗುತ್ತವೆ. ನೇಕಾರರ ಊರುಗಳಲ್ಲಿ ಸವೆದ ಲಾಳಿಗಳು ಸಿಗುವುದುಂಟು. ಎಲ್ಲಿಂದ ಎತ್ತುವಾಗಲೂ ಒಡೆಯರನ್ನು ಕೇಳಿಯೇ ಎತ್ತಬೇಕು.

ಕೊಳ್ಳುವ ಮೊದಲು ಮೂರು ಪರೀಕ್ಷೆಗಳು:

1. ಆಯಸ್ಕಾಂತ. ಹಿತ್ತಾಳೆಯಂತೆ ಕಂಡ ಚಿಲಕಕ್ಕೆ ಆಯಸ್ಕಾಂತ ಕಚ್ಚಿದರೆ ಒಳಗೆ ಕಬ್ಬಿಣವಿದೆ, ಮುಂದೆ ತುಕ್ಕು ಬಿಡುತ್ತದೆ ಎಂದರ್ಥ.

2. ತಟ್ಟುವುದು. ಮರವನ್ನು ಬಿಳಿ ಕಾಗದದ ಮೇಲೆ ಹಿಡಿದು ಮೆಲ್ಲಗೆ ತಟ್ಟಬೇಕು. ಹಿಟ್ಟಿನಂಥ ಪುಡಿ ಉದುರಿದರೆ ಮರಕೊರಕ ಹುಳು ಇನ್ನೂ ಒಳಗಿರಬಹುದು.

3. ಕೆರೆಯುವುದು. ಉಗುರಿನಿಂದ ಕೆರೆದಾಗ ಪದರ ಪದರವಾಗಿ ಏಳುವ ಬಣ್ಣ ಅಥವಾ ತುಕ್ಕಿನ ಮೇಲೆ ಯಾವ ಅಂಟೂ ನಿಲ್ಲದು.

ಸ್ವಚ್ಛಗೊಳಿಸುವುದು

ಹೊಳಪು ಬರುವಂತೆ ಉಜ್ಜಿದರೆ ವಸ್ತುವನ್ನು ಆರಿಸಿಕೊಳ್ಳಲು ಕಾರಣವಾದ ಗುರುತುಗಳೇ ಅಳಿಯುತ್ತವೆ. ಸಡಿಲವಾದದ್ದು ಮತ್ತು ಜಿಡ್ಡು ಇವೆರಡನ್ನು ತೆಗೆದರೆ ಸಾಕು.

ಕಬ್ಬಿಣ: ತಂತಿ ಬ್ರಷ್‌ನಿಂದ ಸಡಿಲ ತುಕ್ಕನ್ನು ಉಜ್ಜಬೇಕು. ತುಕ್ಕು ಗಟ್ಟಿಯಾಗಿದ್ದರೆ ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿ ಉಜ್ಜಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಕೂಡಲೇ ಬಿಸಿಲಿನಲ್ಲಿ ಒಣಗಿಸಬೇಕು. ಸೋಡಾ ಉಳಿದ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಆಮ್ಲ ಉಳಿದರೆ ಮರುದಿನವೇ ಹೊಸ ತುಕ್ಕು ಬರುತ್ತದೆ. ಜೋಡಣೆ ಮುಗಿದ ಮೇಲೆ ಅಂಟು ತಾಗದ ಭಾಗಗಳಿಗೆ ತೆಳ್ಳಗೆ ಜೇನುಮೇಣ ಸವರಿದರೆ ತೇವ ತಡೆಯುತ್ತದೆ.

ಹಿತ್ತಾಳೆ, ತಾಮ್ರ: ಹುಣಸೆಹಣ್ಣಿನ ಹುಳಿ ಕಿಲುಬನ್ನು ಕರಗಿಸುತ್ತದೆ. ಹಳೆಯ ಕಂದು ಬಣ್ಣ ಬೇಕೆನಿಸಿದರೆ ಹುಣಸೆ ಮುಟ್ಟಿಸದೆ ಸೋಪಿನ ನೀರು, ಮೆತ್ತನೆಯ ಬ್ರಷ್ ಮಾತ್ರ ಬಳಸಬೇಕು.

ಮರ: ನೀರಿನಲ್ಲಿ ಮುಳುಗಿಸಬಾರದು. ಒಣ ಬ್ರಷ್, ಆಮೇಲೆ ಹಿಂಡಿದ ಒದ್ದೆ ಬಟ್ಟೆ ಸಾಕು. ಹುಳುವಿರುವ ಸಣ್ಣ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿಟ್ಟರೆ ಹುಳು ಸಾಯುತ್ತದೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಮರದ ಮೇಲೆ ನೀರಹನಿ ಕೂರುತ್ತದೆ.

ಕಾಗದ: ಹಳೆಯ ಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಇರುವುದರಿಂದ ಬೆಳಕಿಗೆ ಹಳದಿಯಾಗಿ ಪುಡಿಯಾಗುತ್ತದೆ. ಮನೆಯ ಹಳೆಯ ಫೋಟೊ, ಪತ್ರಗಳ ಮೂಲಪ್ರತಿ ಅಂಟಿಸದೆ ಒಳ್ಳೆಯ ಕಾಗದದ ಮೇಲೆ ಲೇಸರ್ ಪ್ರತಿ ತೆಗೆಸಿ ಬಳಸುವುದು ಕ್ಷೇಮ. ಇಂಕ್‌ಜೆಟ್ ಪ್ರತಿಯ ಶಾಯಿ ಬಿಳಿ ಅಂಟಿನ ತೇವಕ್ಕೆ ಹರಡುವುದುಂಟು.

ಕೈಗೆ ಒಗ್ಗಿದ ಹತಾರಗಳು

ಈ ಕೆಲಸಕ್ಕೆ ಹತಾರಗಳ ರಾಶಿ ಬೇಡ. ಕೆಳಗಿನ ಏಳು ಇದ್ದರೆ ಹೆಚ್ಚಿನ ಕೃತಿಗಳನ್ನು ಕಟ್ಟಬಹುದು.

1. ಕೈಬೈರಿಗೆ ಅಥವಾ ಹ್ಯಾಂಡ್ ಡ್ರಿಲ್. ಒಣಗಿದ ಹಳೆಯ ಮರ ವಿದ್ಯುತ್ ಡ್ರಿಲ್ಲಿನ ವೇಗಕ್ಕೆ ಸೀಳಬಹುದು. ಕೈಯಿಂದ ತಿರುಗಿಸುವಾಗ ಮುಂದಿರುವುದು ಮೆದು ಮರವೋ, ಗಂಟೋ, ಹುದುಗಿದ ಹಳೆಯ ಮೊಳೆಯೋ ಎಂದು ಬೆರಳಿಗೆ ಗೊತ್ತಾಗುತ್ತದೆ.

2. ಸೆಂಟರ್ ಪಂಚ್. ಲೋಹದ ಮೇಲೆ ಮೊದಲು ಇದರಿಂದ ಚಿಕ್ಕ ಗುಳಿ ಮಾಡಿದರೆ ಡ್ರಿಲ್ಲಿನ ಮೊನೆ ಜಾರುವುದಿಲ್ಲ.

3. ಕಟಿಂಗ್ ಪ್ಲೇಯರ್ ಮತ್ತು ನೋಸ್ ಪ್ಲೇಯರ್. ಒಂದು ತಂತಿಯನ್ನು ಎಳೆದು ಹುರಿ ಮಾಡಲು, ಇನ್ನೊಂದು ತುದಿಯನ್ನು ಮಡಚಲು.

4. ಅರ. ಚಪ್ಪಟೆಯದೊಂದು, ದುಂಡನೆಯದೊಂದು. ಕೊರೆದ ತೂತಿನ ಅಂಚು, ತಗಡಿನ ಮುಳ್ಳು ಸವರಲು.

5. ದಬ್ಬಣ. ರೆಕ್ಸಿನ್, ಗೋಣಿ, ದಪ್ಪ ರಟ್ಟಿಗೆ ತೂತು ಮಾಡಿ ಹೊಲಿಯಲು.

6. ಸಿ-ಕ್ಲ್ಯಾಂಪ್. ಕನಿಷ್ಠ ಎರಡು. ಅಂಟು ಒಣಗುವವರೆಗೆ ಎರಡು ಭಾಗಗಳನ್ನು ಸಮವಾಗಿ ಒತ್ತಿ ಹಿಡಿಯಲು.

7. ತಂತಿ ಬ್ರಷ್. ಕಬ್ಬಿಣಕ್ಕೆ ಉಕ್ಕಿನದು, ಮೆದು ಲೋಹಗಳಿಗೆ ಹಿತ್ತಾಳೆಯದು.

ಹಳೆಯ ಹತಾರಗಳ ಮೇಲೆ ಕಲಾವಿದರಿಗೆ ಅಕ್ಕರೆ ಇರುವುದು ಸಕಾರಣ. ಅಂಗೈಗೆ ಸರಿಯಾಗಿ ಕೂತ ಹಿಡಿಯಿಂದ ಮಣಿಕಟ್ಟು ದಣಿಯುವುದಿಲ್ಲ, ಒತ್ತಡದ ಹದ ತಪ್ಪುವುದಿಲ್ಲ. ಅವನ್ನು ಉಳಿಸಿಕೊಳ್ಳಲು ತುಸು ಆರೈಕೆ ಬೇಕು. ಅರಗಳನ್ನು ಒಂದಕ್ಕೊಂದು ತಾಗುವಂತೆ ಡಬ್ಬಿಯಲ್ಲಿ ತುಂಬಿದರೆ ಹಲ್ಲು ಮೊಂಡಾಗುತ್ತದೆ. ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿಡಬೇಕು. ಅರ ಉಜ್ಜುವ ಮೊದಲು ಅದರ ಮೇಲೆ ಸೀಮೆಸುಣ್ಣ ತೀಡಿದರೆ ಲೋಹದ ಪುಡಿ ಹಲ್ಲಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಮರದ ಹಿಡಿಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಸವರಬಹುದು. ಆದರೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಬಟ್ಟೆಯನ್ನು ಬಯಲಿನಲ್ಲಿ ಹರಡಿ ಒಣಗಿಸಿ ಆಮೇಲೆ ಬಿಸಾಡಬೇಕು.

ಯಾವುದಕ್ಕೆ ಯಾವ ಅಂಟು

ಬಿಳಿ ಅಂಟು: ಮರ, ಕಾಗದ, ಬಟ್ಟೆ, ರಟ್ಟಿಗೆ. ಕಾಗದಕ್ಕೆ ತುಸು ನೀರು ಸೇರಿಸಿ ತೆಳ್ಳಗೆ ಬಳಿಯಬೇಕು. ಪೂರ್ತಿ ಬಲ ಬರಲು ಒಂದು ದಿನ ಬೇಕು.

ಎಪಾಕ್ಸಿ: ಅರಾಲ್ಡೈಟ್‌ನಂತೆ ರೆಸಿನ್, ಹಾರ್ಡನರ್ ಎಂದು ಎರಡು ಟ್ಯೂಬಿನಲ್ಲಿ ಬರುತ್ತದೆ. ಎರಡೂ ಸೇರಿದಾಗ ನಡೆಯುವ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವುದರಿಂದ ನೀರು ಇಂಗಬೇಕಾದ ಅಗತ್ಯವಿಲ್ಲ. ಲೋಹ, ಗಾಜು, ಪಿಂಗಾಣಿ, ಕಲ್ಲಿಗೆ ಇದೇ ಸರಿ. ಎರಡು ಮೇಲ್ಮೈಗಳ ನಡುವೆ ಸಂದಿಯಿದ್ದರೆ ಎಂ-ಸೀಲ್‌ನಂಥ ಎಪಾಕ್ಸಿ ಪುಟ್ಟಿ ತುಂಬಬೇಕು.

ರಬ್ಬರ್ ಅಂಟು: ಚರ್ಮ, ರೆಕ್ಸಿನ್‌ಗೆ. ಎರಡೂ ಬದಿಗೆ ಬಳಿದು, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು.

ಕ್ಷಣದಲ್ಲಿ ಹಿಡಿಯುವ ಅಂಟು: ಫೆವಿಕ್ವಿಕ್ ಬಗೆಯದು. ಚಿಕ್ಕ ಮಣಿ, ಚೂರುಗಳಿಗೆ ಸಾಕು. ಪೆಟ್ಟು ಬಿದ್ದರೆ ಬಿಡುತ್ತದೆ, ಸಂದಿ ತುಂಬುವುದಿಲ್ಲ, ಸುತ್ತ ಬಿಳಿ ಮಂಜು ಕೂರಿಸುತ್ತದೆ.

ಗ್ಲೂ ಗನ್ನಿನ ಬಿಸಿ ಅಂಟು: ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಲೋಹದ ಮೇಲೆ ಮೆತ್ತಗಾಗಿ ಜಾರುತ್ತದೆ. ತಾತ್ಕಾಲಿಕವಾಗಿ ಹಿಡಿದಿಡಲು ಮಾತ್ರ ಬಳಸಬೇಕು.

ಹಂತ ಹಂತವಾಗಿ: ಕಿಟಕಿಯ ಬಾಗಿಲಿನ ಮೇಲೊಂದು ಕೃತಿ

ಹಳೆಯ ಕಿಟಕಿಯ ಒಂದು ಬಾಗಿಲು, ಎತ್ತಿನ ಲಾಳ, ಪಿಂಗಾಣಿಯ ಚೂರು, ರಸೀದಿಯ ಪ್ರತಿ, ಈ ನಾಲ್ಕನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

1. ಜೋಡಿಸದೆ ಹರಡುವುದು. ಬಾಗಿಲನ್ನು ನೆಲದ ಮೇಲಿಟ್ಟು ವಸ್ತುಗಳನ್ನು ಅದರ ಮೇಲೆ ಸರಿಸಿ ನೋಡಬೇಕು. ಒಪ್ಪಿಗೆಯಾದ ವಿನ್ಯಾಸದ ಫೋಟೊ ತೆಗೆದು ಒಂದೆರಡು ದಿನ ಬಿಟ್ಟು ಮತ್ತೆ ನೋಡಿದರೆ ಹೆಚ್ಚಾದದ್ದು ಯಾವುದೆಂದು ತಿಳಿಯುತ್ತದೆ. ಭಾರದ ವಸ್ತು ಕೆಳಭಾಗದಲ್ಲಿದ್ದರೆ ಗೋಡೆಗೆ ತೂಗುಹಾಕಿದಾಗ ಕೃತಿ ಮುಂದಕ್ಕೆ ವಾಲುವುದು ಕಡಿಮೆ.

2. ಗುರುತು ಹಾಕುವುದು. ಸೀಮೆಸುಣ್ಣದಿಂದ ಪ್ರತಿ ವಸ್ತುವಿನ ಅಂಚು ಬರೆದುಕೊಳ್ಳಬೇಕು.

3. ಮೊದಲು ಕಾಗದ. ರಸೀದಿಯ ಹಿಂಬದಿಗೂ ಮರಕ್ಕೂ ತೆಳ್ಳಗೆ ಬಿಳಿ ಅಂಟು ಬಳಿದು, ನಡುವಿನಿಂದ ಅಂಚಿನ ಕಡೆಗೆ ಬಟ್ಟೆಯಿಂದ ಒತ್ತುತ್ತ ಗುಳ್ಳೆ ಹೊರದೂಡಬೇಕು. ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ತೆಳುವಾದ ಪದರ.

4. ಲಾಳ ಕಟ್ಟುವುದು. ಲಾಳದಲ್ಲಿ ಮೊಳೆ ಹೊಡೆಯಲು ಮಾಡಿದ ತೂತುಗಳು ಮೊದಲೇ ಇರುತ್ತವೆ. ಜೋಡಣೆಗೆ ಅವೇ ದಾರಿ. ಅಕ್ಕಪಕ್ಕದ ಎರಡು ತೂತುಗಳ ನೇರಕ್ಕೆ ಮರದಲ್ಲಿ 2 ಮಿಲಿಮೀಟರಿನ ತೂತು ಕೊರೆಯಬೇಕು. 18 ಗೇಜಿನ ಜಿ.ಐ. ತಂತಿ ಸುಮಾರು 1.2 ಮಿಲಿಮೀಟರ್ ದಪ್ಪ ಇರುವುದರಿಂದ ಮರ ಹಿಗ್ಗಿ ಕುಗ್ಗಲು ತುಸು ಸಡಿಲ ಉಳಿಯುತ್ತದೆ. ತಂತಿಯನ್ನು ಯು ಆಕಾರಕ್ಕೆ ಬಗ್ಗಿಸಿ ಮುಂದಿನಿಂದ ತೂರಿಸಬೇಕು. ಹಿಂದೆ ಎರಡೂ ತುದಿಗಳನ್ನು ಪ್ಲೇಯರಿನಲ್ಲಿ ಒಟ್ಟಿಗೆ ಹಿಡಿದು, ಮೊದಲು ತನ್ನತ್ತ ಎಳೆದು, ಎಳೆತ ಬಿಡದೆ ಅರ್ಧರ್ಧ ಸುತ್ತು ತಿರುಗಿಸಬೇಕು. ಎರಡು ಎಳೆಗಳೂ ಸಮನಾಗಿ ಹೊಸೆದುಕೊಂಡು ಬರಬೇಕು. ಒಂದು ನೆಟ್ಟಗೆ ನಿಂತು ಇನ್ನೊಂದು ಅದಕ್ಕೆ ಸುತ್ತಿಕೊಂಡರೆ ಆ ಕಟ್ಟು ಜಾರುತ್ತದೆ. ನಾಲ್ಕೈದು ಸುತ್ತಾದಾಗ ತಂತಿಯ ಹೊಳಪು ಮಾಸಿ ಬಿಳಿಚುತ್ತದೆ, ತಿರುಗಿಸುವುದೂ ಬಿಗಿಯೆನಿಸುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಮುಂದಿನ ಸುತ್ತಿಗೆ ತಂತಿ ತುಂಡಾಗಬಹುದು. ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ತುದಿಯನ್ನು ನೋಸ್ ಪ್ಲೇಯರಿನಿಂದ ಮಡಚಿ ಮರಕ್ಕೆ ಒತ್ತಬೇಕು.

5. ಪಿಂಗಾಣಿ ಚೂರು. ಇದಕ್ಕೆ ತೂತಿಲ್ಲ, ಕೊರೆದರೆ ಒಡೆಯುತ್ತದೆ. ಚೂರಿನ ಹಿಂಬದಿಯ ಹೊಳಪನ್ನು ಒದ್ದೆ ಮಾಡಿದ ಸ್ಯಾಂಡ್ ಪೇಪರಿನಿಂದ ಒರಟು ಮಾಡಿ, ಮರದ ಮೇಲಿನ ಬಣ್ಣವನ್ನೂ ಅಷ್ಟು ಜಾಗದಲ್ಲಿ ಕೆರೆದು ಎಪಾಕ್ಸಿ ಪುಟ್ಟಿಯಲ್ಲಿ ಕೂರಿಸಬೇಕು. ಪುಟ್ಟಿ ಚೂರಿನ ಅಂಚನ್ನು ಸುತ್ತಲೂ ಒಂದು ಎಳೆಯಷ್ಟು ಹತ್ತಿಕೊಂಡು ಬಂದರೆ ಅದೇ ಹಿಡಿಕೆಯಾಗುತ್ತದೆ. ಚೂರು ಚಿಕ್ಕದಾದಷ್ಟೂ ಕ್ಷೇಮ, ಏಕೆಂದರೆ ಅಷ್ಟು ಚಿಕ್ಕ ಜಾಗದಲ್ಲಿ ಮರದ ಹಿಗ್ಗು ನಗಣ್ಯ.

6. ಕೊನೆಯ ಪರೀಕ್ಷೆ. ಒಂದು ದಿನ ಅಲುಗಿಸದೆ ಬಿಟ್ಟು, ಆಮೇಲೆ ಮೆತ್ತನೆಯ ಹಾಸಿನ ಮೇಲೆ ಕೃತಿಯನ್ನು ಕೆಳಮುಖ ಮಾಡಿ ಹಿಡಿದು ಮೆಲ್ಲಗೆ ಅಲ್ಲಾಡಿಸಬೇಕು. ಸದ್ದು ಬಂದ ಕಡೆ ಕಟ್ಟು ಸಡಿಲವಿದೆ.

7. ತೂಗುಹಾಕುವುದು. ಹಿಂಬದಿಯ ಎರಡೂ ಪಕ್ಕದ ಚೌಕಟ್ಟಿಗೆ ಡಿ-ರಿಂಗ್ ಸ್ಕ್ರೂ ಮಾಡಿ, ಗೋಡೆಯಲ್ಲಿ ಎರಡು ಕಡೆ ಪ್ಲಗ್ ಹಾಕಿ ನೇತುಹಾಕಬೇಕು. ಕೆಳಗಿನ ಮೂಲೆಗಳಿಗೆ ಕಾರ್ಕಿನ ತುಂಡು ಅಂಟಿಸಿದರೆ ಕೃತಿಯ ಹಿಂದೆ ಗಾಳಿಯಾಡಿ, ಮಳೆಗಾಲದ ಗೋಡೆಯ ತೇವ ಮರಕ್ಕೆ ತಾಗುವುದಿಲ್ಲ.

ಸಾಮಾನ್ಯ ತಪ್ಪುಗಳು

• ಹಿತ್ತಾಳೆಗೆ ಕಬ್ಬಿಣದ ಮೊಳೆ. ಎರಡು ಬೇರೆ ಲೋಹಗಳು ತೇವದಲ್ಲಿ ತಾಗಿಕೊಂಡಿದ್ದರೆ ವಿದ್ಯುದ್ರಾಸಾಯನಿಕ ಕ್ರಿಯೆ ನಡೆದು ಕಬ್ಬಿಣ ಬೇಗ ತಿಂದುಹೋಗುತ್ತದೆ. ದೊಡ್ಡ ಹಿತ್ತಾಳೆ ತಗಡಿಗೆ ಸಣ್ಣ ಕಬ್ಬಿಣದ ಮೊಳೆ ಹೊಡೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಹಿತ್ತಾಳೆಗೆ ಹಿತ್ತಾಳೆಯ ಸ್ಕ್ರೂ ಅಥವಾ ತಾಮ್ರದ ತಂತಿ, ಕಬ್ಬಿಣಕ್ಕೆ ಜಿ.ಐ. ತಂತಿ ಒಳ್ಳೆಯದು.

• ಉದ್ದನೆಯ ಲೋಹದ ಪಟ್ಟಿಯನ್ನು ಮರದ ನಾರಿಗೆ ಅಡ್ಡವಾಗಿ ಎರಡೂ ತುದಿ ಬಿಗಿಯುವುದು. ಮರ ಸೀಳುತ್ತದೆ. ಒಂದು ತುದಿ ಬಿಗಿದು, ಇನ್ನೊಂದು ತುದಿಯ ತೂತನ್ನು ದುಂಡನೆಯ ಅರದಿಂದ ಉದ್ದ ಮಾಡಿ ವಾಷರ್ ಹಾಕಬೇಕು.

• ಎಪಾಕ್ಸಿಯ ಎರಡು ಭಾಗಗಳನ್ನು ಕಣ್ಣಂದಾಜಿನಲ್ಲಿ ಕಲಸುವುದು. ಹಾರ್ಡನರ್ ಹೆಚ್ಚಾದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಪ್ರಮಾಣ ತಪ್ಪಿದರೆ ಕೊನೆಯವರೆಗೂ ಅಂಟಂಟಾಗಿಯೇ ಉಳಿಯುತ್ತದೆ. ಪೊಟ್ಟಣದ ಮೇಲೆ ಬರೆದ ಪ್ರಮಾಣವನ್ನೇ ಪಾಲಿಸಬೇಕು.

• ಎಣ್ಣೆ ಅಥವಾ ಮೇಣ ಸವರಿದ ಮೇಲೆ ಅಂಟಿಸುವುದು. ರಕ್ಷಣೆಯ ಲೇಪ ಯಾವಾಗಲೂ ಜೋಡಣೆಯ ನಂತರ.

• ಸಿಕ್ಕಿದ್ದೆಲ್ಲವನ್ನೂ ಒಂದೇ ಕೃತಿಯಲ್ಲಿ ತುಂಬುವುದು. ಹತ್ತು ವಸ್ತು ಒತ್ತೊತ್ತಾಗಿದ್ದರೆ ಯಾವೊಂದರ ಸವೆತವೂ ಕಾಣುವುದಿಲ್ಲ, ಜೋಡಣೆಗೂ ಜಾಗ ಸಿಗುವುದಿಲ್ಲ.

ಎಚ್ಚರಿಕೆಗಳು

ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರಬಹುದು. ಒಣದಾಗಿ ಉಜ್ಜಿದರೆ ಅದರ ದೂಳು ಉಸಿರಿಗೆ ಸೇರುತ್ತದೆ, ಮಕ್ಕಳಿಗೆ ಇದು ವಿಶೇಷವಾಗಿ ಅಪಾಯ. ಒದ್ದೆ ಮಾಡಿ ಉಜ್ಜಿ, ಕೆಸರನ್ನು ಕಾಗದದಲ್ಲಿ ಒರೆಸಿ ತೆಗೆಯಬೇಕು, ಮಾಸ್ಕ್ ಧರಿಸಬೇಕು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುವುದರಿಂದ ಅವನ್ನು ಕತ್ತರಿಸಲೇಬಾರದು. ಸತು ಲೇಪಿಸಿದ ತಗಡನ್ನು ಬೆಂಕಿಗೆ ಹಿಡಿದರೆ ಏಳುವ ಹೊಗೆ ಜ್ವರ ತರಿಸುತ್ತದೆ. ಟ್ಯೂಬ್‌ಲೈಟ್, ಬ್ಯಾಟರಿ, ಹಳೆಯ ಟಿ.ವಿ.ಯ ಪಿಕ್ಚರ್ ಟ್ಯೂಬ್, ಆಸ್ಪತ್ರೆಯ ತ್ಯಾಜ್ಯ ಇವು ಕಲೆಯ ಸಾಮಗ್ರಿಯಲ್ಲ. ಕ್ಷಣದಲ್ಲಿ ಹಿಡಿಯುವ ಅಂಟು ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ಸುಡುವಷ್ಟು ಬಿಸಿಯಾಗುತ್ತದೆ, ಹತ್ತಿಯಿಂದ ಒರೆಸಬಾರದು. ಎಪಾಕ್ಸಿ ಚರ್ಮಕ್ಕೆ ಒಗ್ಗದಿರಬಹುದು, ಕೈಗವಸು ಬೇಕು. ಮೈದಾ ಅಂಟಿಗೆ ಹುಳು ಬಾರದಂತೆ ಸೇರಿಸುವ ಮೈಲುತುತ್ತ ವಿಷ. ಅಡುಗೆಯ ಪಾತ್ರೆಯಲ್ಲಿ ಕಲಸಬಾರದು.

ಕಾನೂನಿನ ಮಿತಿಗಳೂ ಇವೆ. ರೈಲು ಹಳಿಯ ಪಕ್ಕ ಬಿದ್ದ ಕ್ಲಿಪ್ಪು, ಬೋಲ್ಟುಗಳು ನೋಡಲು ಚೆಂದವಾದರೂ ಅವು ರೈಲ್ವೆಯ ಸ್ವತ್ತು. ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯಡಿ ಅಪರಾಧ. ಆನೆದಂತ, ಜಿಂಕೆಯ ಕೊಂಬು, ಹವಳ, ಕೆಲವು ಜಾತಿಯ ಸಮುದ್ರ ಚಿಪ್ಪುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಕುಶಲವಸ್ತುಗಳಿಗೂ 1972ರಲ್ಲೇ ಬಂದ ಪ್ರತ್ಯೇಕ ಕಾಯ್ದೆಯಿದೆ. ವೀರಗಲ್ಲು, ದೇವಸ್ಥಾನದ ತುಂಡು, ಹಸ್ತಪ್ರತಿಗಳನ್ನು ಕೊಳ್ಳುವುದೂ ಬೇಡ, ಕತ್ತರಿಸುವುದೂ ಬೇಡ.

ಆಮೇಲಿನ ಆರೈಕೆ

ಕೃತಿಯನ್ನು ನೇರ ಬಿಸಿಲು, ಅಡುಗೆಮನೆಯ ಹಬೆ, ಹೊರಗೋಡೆಯ ತೇವದಿಂದ ದೂರವಿಡಬೇಕು. ದೂಳನ್ನು ಒಣಗಿದ ಮೆತ್ತನೆಯ ಬ್ರಷ್‌ನಿಂದ ತೆಗೆಯಬೇಕು, ಒದ್ದೆ ಬಟ್ಟೆ ಬೇಡ. ವರ್ಷಕ್ಕೆರಡು ಬಾರಿ, ಮಳೆಗಾಲದ ಮುಂಚೆ ಒಮ್ಮೆ ಮತ್ತು ಮುಗಿದ ಮೇಲೆ ಒಮ್ಮೆ, ಕೆಳಗಿಳಿಸಿ ಹಿಂಬದಿಯ ತಂತಿಕಟ್ಟುಗಳನ್ನು ನೋಡಬೇಕು: ಸಡಿಲವಾದದ್ದನ್ನು ಅರ್ಧ ಸುತ್ತು ಬಿಗಿದು, ತುಕ್ಕು ಕಂಡಲ್ಲಿ ಬ್ರಷ್ ಮಾಡಿ ಮೇಣ ಸವರಬೇಕು. ತಂತಿಯಲ್ಲಿ, ಸ್ಕ್ರೂವಿನಲ್ಲಿ ಕಟ್ಟಿದ ಕೃತಿಯ ದೊಡ್ಡ ಅನುಕೂಲ ಇಲ್ಲಿ ತಿಳಿಯುತ್ತದೆ. ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬಿಚ್ಚಿ ಸರಿಪಡಿಸಬಹುದು, ಉಳಿದ ವಸ್ತುಗಳಿಗೆ ಘಾಸಿಯಾಗುವುದಿಲ್ಲ.